ನಾಗವೇಣಿಯವರ ‘ಏನೂ ಇಲ್ಲ’

ತದಡಿ ಗುಡ್ಡದ ಮೇಲಿನ ಶಾಲೆ
ಫೆಬ್ರವರಿ ೩೦, ೨೨೮೭

ಬಂದರಿನ ಧಕ್ಕೆಯ ನಾಗವೇಣಿ ಹರಿಕಂತ್ರ ಅವರಿಗೆ, ಶಾಲೆಯಲ್ಲಿ ಅಡುಗೆ ಮಾಡುವ ಪದ್ಮಾಕ್ಷಿಯ ನಮಸ್ಕಾರಗಳು.

ತಾರೀಕು ನೋಡಿ ಹುಬ್ಬೇರಿಸಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ‘ಹಿನ್ನಂಚೆ’ ಊರಿಗೆ ವರ್ಷಕ್ಕೆ ಒಂದೇ. ಈ ವರ್ಷದ್ದನ್ನು ನಾನು ಹಟ ಹಿಡಿದು ಕೇಳಿ ಪಡೆದೆ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ‘ಸಡಿಲುಹೊತ್ತು’ ಎಂಬುದೊಂದಿದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸಮುದ್ರ ತೀರಾ ಇಳಿದಾಗ ತಳದ ನೆಲದ ಮೇಲಿನ ನೀರಿನ ಭಾರ ತುಸು ಕಡಿಮೆಯಾಗುತ್ತದೆ. ಜಾರಲು ತಯಾರಾಗಿ ನಿಂತ ಬಂಡೆಗೆ ಅಷ್ಟೇ ಸಾಕಾಗಬಹುದು. ಇಳಿತವೇ ಭೂಕಂಪ ತರುತ್ತದೆಂದಲ್ಲ. ಬಹುಪಾಲು ಸಲ ಏನೂ ಆಗುವುದಿಲ್ಲ. ಆದರೂ ಆ ಎರಡು ಗಂಟೆ ಊರಿಗೆ ಊರೇ ಹೊರಗೆ. ರೋಗಿಗಳ ಮಂಚ ಅಂಗಳಕ್ಕೆ, ಮಕ್ಕಳ ಪಾಠ ಗೋಳಿಮರದಡಿಗೆ, ನನ್ನ ಒಲೆ, ಕೊಪ್ಪರಿಗೆ, ಸೌಟು ಎಲ್ಲ ಬಯಲಿಗೆ. ಹೊತ್ತು ಸಾಗಿಸುವವಳು ನಾನು! ಹದಿನಾಲ್ಕು ವರ್ಷ ನಿಮ್ಮನ್ನು ಬಾಯಿಗೆ ಬಂದಂತೆ ಬೈದಿದ್ದೇನೆ, ಸುಳ್ಳು ಹೇಳುವುದಿಲ್ಲ.

ಏಕೆಂದರೆ ಇದಕ್ಕೆಲ್ಲ ಮೂಲ ನಿಮ್ಮ ಪುಸ್ತಕ. ದಿನಾ ಧಕ್ಕೆಯ ಅಳತೆಗಂಬದಲ್ಲಿ ನೀರು ನೋಡಿ, ಪಕ್ಕದಲ್ಲೇ ನೆಲ ನಡುಗಿತೋ ಇಲ್ಲವೋ ಎಂದು ಬರೆದಿರಿ. ನಡುಗಿದ ದಿನವನ್ನು ಯಾರು ಬೇಕಾದರೂ ಬರೆದಾರು. ನೀವು ನಡುಗದ ದಿನವನ್ನೂ ಬಿಡಲಿಲ್ಲ: ‘ಏನೂ ಇಲ್ಲ’, ‘ಏನೂ ಇಲ್ಲ’, ಪುಟಗಟ್ಟಲೆ. ನಡುಗಿದ ದಿನಗಳನ್ನು ಅವುಗಳ ಎದುರಿಗಿಟ್ಟು ನೋಡಿದಾಗಲೇ ನಡುಕ ಇಳಿತದ ಹೊತ್ತಿಗೆ ತುಸು ಹೆಚ್ಚೆಂದು ನಮ್ಮವರಿಗೆ ಗೊತ್ತಾದದ್ದು. ಎಂಥ ಹೆಂಗಸು ನೀವು!

ಕಳೆದ ಹುಣ್ಣಿಮೆಯ ಮರುದಿನ ಸಂಜೆ, ನಾನು ಉಪ್ಪಿಟ್ಟು ಬಡಿಸುತ್ತಿದ್ದಾಗ ನೆಲ ನಡುಗಿ ಶಾಲೆಯ ಮಾಡು ಕುಸಿಯಿತು. ಒಳಗೆ ಯಾರೂ ಇರಲಿಲ್ಲ. ಅರವತ್ತೆರಡು ಮಕ್ಕಳು ಮರದಡಿ ತಟ್ಟೆ ಹಿಡಿದು ಕುಳಿತಿದ್ದರು. ಅವರಲ್ಲಿ ನನ್ನ ಮಗಳು ಇಂಚರಳೂ ಒಬ್ಬಳು. ಸೌಟು ಕೈಯಲ್ಲೇ ಹಿಡಿದು ಅಲ್ಲೇ ಕುಳಿತು ಅತ್ತೆ.

ಮರುದಿನ ನಿಮ್ಮ ಪುಸ್ತಕ ತರಿಸಿಕೊಂಡು ಓದಿದೆ. ಈ ಕಾಗದ ನಿಮ್ಮ ಕೈ ಸೇರಲೆಂದು ನಾನು ಆರಿಸಿದ ದಿನದ ಪುಟದಲ್ಲಿ ಹೀಗಿದೆ: ‘ಧಕ್ಕೆ ಮೇಲೆ ಎಲ್ಲರೂ ನಗಾಡ್ತ್ರು. ಏನೂ ಇಲ್ಲ ಹೇಳಿ ಬರೆಯೂಕೆ ಒಂದ್ ಪುಸ್ತಕ ಬೇಕಾ ಕೇಳ್ತ್ರು. ಸಾಕಾಯ್ತು, ನಾಳಿಂದ ಬರೆಯೂದಿಲ್ಲ.’

ಗಡಬಡಿಸಿ ಪುಟ ಮಗುಚಿದೆ. ಮರುದಿನದ ಸಾಲು ಇತ್ತು. ಅದರಾಚೆಗೆ ಇನ್ನೂ ಇಪ್ಪತ್ತಾರು ವರ್ಷಗಳ ಸಾಲುಗಳಿದ್ದವು.

ನೀವು ಮನಸ್ಸು ಬದಲಿಸಿದ್ದು ಏಕೆಂದು ಯಾರಿಗೂ ತಿಳಿಯದು. ಅದಕ್ಕೇ ಬರೆಯುತ್ತಿದ್ದೇನೆ, ಅಮ್ಮಾ. ನಗುವವರು ನಗಲಿ. ಇಂಚರ ಇಲ್ಲೇ ಪಕ್ಕದಲ್ಲಿ ಕುಳಿತು, ಪೆನ್ನು ಕೊಡು ಎಂದು ಕಾಡುತ್ತಿದ್ದಾಳೆ. ನಾಳೆಯ ನಿಮ್ಮ ಸಾಲು ನನ್ನ ಕಣ್ಣೆದುರಿಗಿದೆ. ನೀವು ಅದನ್ನಿನ್ನೂ ಬರೆದಿಲ್ಲ.