ಹಳೆಯ ಮೀನಿಗೆ ಜೊತೆ

ಸೊಲ್ಲಾಪುರ,
12 ಫೆಬ್ರುವರಿ 1934

ಹನ್ನೂರಿನ ನನ್ನ ಅವ್ವನ ಪಾದಕ್ಕೆ, ದೂರದಿಂದಲೇ ತಲೆಯಿಟ್ಟು ಸುಗಲಾ ಮಾಡುವ ಶರಣು.

ಇದನ್ನು ಓದಿ ಹೇಳುತ್ತಿರುವ ತಂಗಿ ಇಂದುವಿಗೆ ಮುದ್ದು. ಇಂದೂ, ಮಾಸ್ತರರ ಮುಂದೆ ಪಾಠ ಒಪ್ಪಿಸುವ ಹಾಗೆ ಒಂದೇ ಉಸಿರಿನಲ್ಲಿ ಓಡಬೇಡ, ಸಾವಕಾಶ ಓದು. ಅವ್ವನಿಗೆ ನಡುನಡುವೆ ನನ್ನನ್ನು ಬೈಯಲು ಜಾಗ ಬೇಕು.

ನನ್ನ ಮೈ ನೆಟ್ಟಗಿದೆ. ಕೆಮ್ಮು ಕಡಿಮೆಯಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ನೀನು ಕಿವಿಗೊಟ್ಟು ಕೇಳುವುದಿಲ್ಲ.

ಈ ಕಾಗದ ಬರೆಯಲು ಹೇಳಿದವರು ಅತ್ತೆ. ಎದುರಿಗೇ ಶೇಂಗಾ ಸುಲಿಯುತ್ತ ಕೂತಿದ್ದಾರೆ. "ಇಂದೂನ್ನ ಈಗ ಕಳಸ್ರಿ ಅಂತ ಬರಿ. ಅಕ್ಕನ ಸಂಗಾಟ ನಾಕ ದಿನ ಇರ್ಲಿ, ಮನಿ ರೂಢಿ ಆಗ್ಲಿ. ವೈಶಾಖದಾಗ ಅಕ್ಕಿಕಾಳ ಹಾಕಿ ಲಗ್ನಾ ಮಾಡಿದ್ರಾತು" ಎಂದರು. ನಾನು ತಲೆ ಆಡಿಸುತ್ತ ಬೇರೆಯದನ್ನೇ ಬರೆಯುತ್ತಿದ್ದೇನೆ. ಈ ಮನೆಯವರ ಬಾಯಿಗೆ ಕನ್ನಡ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ನೂಲಿನ ಅಂಗಡಿಯ ಬರವಣಿಗೆಯೆಲ್ಲ ಮರಾಠಿ. ನಾನು ಏನು ಗೀಚಿದರೂ ಅತ್ತೆಗೆ ಅದು ಇರುವೆ ಹೋದ ಹಾದಿ. ಹೆಣ್ಣುಮಕ್ಕಳಿಗೆ ಸಾಲೆ ಯಾಕೆ ಎನ್ನುತ್ತಿದ್ದೆಯಲ್ಲ, ಇದಕ್ಕೆ.

ಅವ್ವಾ, ಇಂದುವನ್ನು ಕಳಿಸಬೇಡ. ನನಗೆ ಮಕ್ಕಳಾಗಲಿಲ್ಲವೆಂದು ಅವಳನ್ನೂ ನಿನ್ನ ಅಳಿಯಂದಿರಿಗೇ ಕೊಡುವ ಮಾತಿಗೆ ನೀನು ಹೂಂ ಅಂದಿದ್ದೀಯಂತೆ. ಆ ಹೂಂ ಹಿಂದಕ್ಕೆ ತಗೋ. ಯಾಕೆ ಎಂದು ಕೇಳಿದರೆ ನಾನು ಮೀನಿನ ಕಥೆ ಹೇಳಬೇಕಾಗುತ್ತದೆ. ನಗಬೇಡ.

ಪಡಸಾಲೆಯ ಗಾಜಿನ ಪೆಟ್ಟಿಗೆ ನಿನಗೆ ನೆನಪಿದ್ದೇ ಇರುತ್ತದೆ. ನನ್ನ ಮದುವೆಯಲ್ಲಿ "ಲಿಂಗವಂತರ ಮನ್ಯಾಗ ಮೀನಾ?" ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದೆ. ತಿನ್ನಲಿಕ್ಕಲ್ಲ, ನೋಡಲಿಕ್ಕೆ ಎಂದು ಎಷ್ಟು ಹೇಳಿದರೂ ಆ ಕೋಣೆಯಲ್ಲಿ ನೀರು ಕುಡಿಯಲಿಲ್ಲ. ಅದನ್ನು ಮುಂಬಯಿಯಿಂದ ತರಿಸಿಕೊಂಡವಳು ಇವರ ಮೊದಲ ಹೆಂಡತಿ, ಸುಮಿತ್ರಾಬಾಯಿ. ಒಳಗೆ ಮರಳು ಹಾಸಿದ್ದು, ಕಲ್ಲು ಜೋಡಿಸಿದ್ದು, ಮೂಲೆಗೆ ಒಡೆದ ಗಡಿಗೆಯ ಬೋಕಿ ಕವುಚಿದ್ದು ಎಲ್ಲ ಅವಳೇ. ಅವಳು ತೀರಿದ ಮೇಲೆ ಅವಳ ಮೀನುಗಳಲ್ಲಿ ಒಂದೇ ಉಳಿಯಿತು. ಕೆಂಪು ನೀಲಿ ಪಟ್ಟೆಯದು, ನನ್ನ ಬೆರಳಿನಷ್ಟು ಉದ್ದ. ಬೋಕಿಯ ಕೆಳಗೆ ಇರುತ್ತದೆ.

ನಿನ್ನ ಅಳಿಯಂದಿರು ಅದಕ್ಕೆ ಜೊತೆ ಹುಡುಕುವುದನ್ನು ನೋಡಬೇಕು ನೀನು. ನನಗೆ ವರ ನೋಡುವಾಗ ಅಪ್ಪ ಇಷ್ಟು ಚೌಕಾಶಿ ಮಾಡಿರಲಿಕ್ಕಿಲ್ಲ. ನೂಲಿಗೆಂದು ಮುಂಬಯಿಗೆ ಹೋದಾಗಲೆಲ್ಲ ಮೀನು ಮಾರುವವನ ಹತ್ತಿರ ಕೂತು ಕೇಳಿ ಬರುತ್ತಾರೆ. ದೊಡ್ಡ ಬಾಯಿಯದರ ಜೊತೆ ಸಣ್ಣದನ್ನು ಬಿಡಬಾರದು. ಚುರುಕಿನದರ ಜೊತೆ ಉದ್ದ ಬಾಲದ ನಿಧಾನಿಯನ್ನು ಬಿಟ್ಟರೆ ಬಾಲ ಉಳಿಯುವುದಿಲ್ಲ. ತಣ್ಣನೆಯ ನೀರಿನದು ಬೇರೆ, ಬೆಚ್ಚನೆಯ ನೀರಿನದು ಬೇರೆ. ಎಲ್ಲ ವಿಚಾರ ಮಾಡಿ ಆರಿಸಿ, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನೀರು ತುಳುಕದ ಹಾಗೆ ರೈಲಿನಲ್ಲಿ ತರುತ್ತಾರೆ. ಹೊಸದು ಕೆಲವು ದಿನ ಮೇಲಿನ ಮೂಲೆಯಲ್ಲೇ ನಿಂತಿರುತ್ತದೆ. ಮೇವು ಹಾಕಿದರೂ ಕೆಳಗೆ ಇಳಿಯುವುದಿಲ್ಲ. ಆಮೇಲೆ ಒಂದು ಮುಂಜಾನೆ ತೇಲುತ್ತದೆ. "ಇದಕ್ಕ ಹೊಂದ್ಕೊಳ್ಳಾಕ ಬರ್ಲಿಲ್ಲ" ಎಂದು ತೆಗೆದು ಬಿಸಾಡುತ್ತಾರೆ. ಪ್ರತಿ ಸಲವೂ ತಪ್ಪು ಸತ್ತದ್ದರದೇ.

"ಹಳೇದನ್ನ ಬ್ಯಾರೆ ಇಟ್ರ?" ಎಂದು ಒಮ್ಮೆ ಕೇಳಿದೆ. ನಾನು ಅವರ ತಾಯಿಯನ್ನು ಹೊರಗೆ ಹಾಕಿರಿ ಅಂದ ಹಾಗೆ ನೋಡಿದರು.

ಸತ್ತ ಸವತಿಯ ಮೂರ್ತಿ ಒತ್ತಿದ ಚಿನ್ನದ ಟಾಕನ್ನು ತಾಳಿಯ ಜೊತೆಗೆ ನನ್ನ ಕೊರಳಿಗೆ ಕಟ್ಟಿದಾಗ, "ಆಕೀನ ಸಮಾಧಾನದಾಗ ಇಟ್ಕೋ ಮಗಳ, ಕಾಡೂದಿಲ್ಲ" ಎಂದಿದ್ದೆ ನೀನು. ಇಟ್ಟುಕೊಂಡಿದ್ದೇನೆ. ಹೊಸ ಸೀರೆಯನ್ನು ಮೊದಲು ಟಾಕಿಗೆ ಮುಟ್ಟಿಸಿ ಆಮೇಲೆ ಉಡುತ್ತೇನೆ. ಹೋಳಿಗೆಯ ಮೊದಲ ಚೂರು ಅದಕ್ಕೇ. ಆದರೆ ಮೇವು ಹಾಕಲು ಬಗ್ಗಿದಾಗ ಆ ಮೀನು ನನ್ನ ಬೆರಳಿಗೆ ಬರುವುದಿಲ್ಲ. ಟಾಕು ಗಾಜಿಗೆ ತಾಗಿದ ಕಡೆ ಬಂದು ನಿಲ್ಲುತ್ತದೆ. ತಲೆಗೆ ಎರೆದುಕೊಂಡ ದಿನ ಟಾಕು ಬಿಚ್ಚಿಟ್ಟು ಹೋದರೆ ಬೋಕಿಯಿಂದ ಹೊರಗೇ ಬರುವುದಿಲ್ಲ. ಹೊಳಪು ಕಂಡು ಬರುತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಹಿತ್ತಾಳೆಯ ಚಮಚ ಹಿಡಿದು ನೋಡಿದೆ. ಬರಲಿಲ್ಲ. ಅಂದಿನಿಂದ ಆ ಗಾಜಿನಲ್ಲಿ ನನ್ನ ಮುಖ ಕಂಡರೆ ಬೇಗ ಅತ್ತ ತಿರುಗುತ್ತೇನೆ. ಮುಖ ನನ್ನದೇ ಹೌದೋ ಅಲ್ಲವೋ ಎಂದು ನಿಂತು ನೋಡುವ ಧೈರ್ಯ ಇಲ್ಲ. ನನಗೆ ಹೆದರಿಕೆಯಾಗುತ್ತದೆ ಅವ್ವಾ.

ದೀಪಾವಳಿಯ ಮುಂದೆ ಅವರು ಒಂದು ಬೂದು ಬಣ್ಣದ ಮೀನು ತಂದರು. ಈ ಸಲ ಮಾರುವವನು ಒಂದು ಉಪಾಯ ಹೇಳಿದ್ದನಂತೆ. ಹೊಸದನ್ನು ಬಿಡುವ ಮೊದಲು ಹಳೆಯದನ್ನು ಹೊರಗೆ ತೆಗೆದು ಕಲ್ಲು, ಬೋಕಿ ಎಲ್ಲ ಅದಲು ಬದಲು ಮಾಡಬೇಕು. ಆಗ ಹಳೆಯದಕ್ಕೂ ಅದು ಪರವೂರು, ಇದು ನನ್ನ ಜಾಗ ಎಂದು ಮೈಮೇಲೆ ಹೋಗುವುದಿಲ್ಲ. ಇದನ್ನು ಊಟಕ್ಕೆ ಕೂತಾಗ ನಗುತ್ತ ಹೇಳಿದರೇ ಹೊರತು ಮಾಡಲಿಲ್ಲ. ಮರುದಿನ ಅವರು ಅಂಗಡಿಗೆ ಹೋದ ಮೇಲೆ ನಾನೇ ಮಾಡಿದೆ. ಹಳೆಯದನ್ನು ತಂಬಿಗೆಯಲ್ಲಿ ಹಿಡಿದಿಟ್ಟು, ಮೊಳಕೈ ತನಕ ಕೈ ಹಾಕಿ ಎಲ್ಲ ಕಲ್ಲು ಸರಿಸಿದೆ. ಬೋಕಿಯನ್ನು ಈಚೆ ಮೂಲೆಗೆ ತಂದೆ. ಎರಡನ್ನೂ ಕೂಡಿಯೇ ಬಿಟ್ಟೆ. ಹಳೆಯದು ದಿಕ್ಕು ತಪ್ಪಿ ಸುತ್ತಿತು, ಹೊಸದೂ ಅದರ ಬೆನ್ನ ಹಿಂದೆ ಸುತ್ತಿತು. ಸಂಜೆಯ ತನಕ ಒಂದು ಕಚ್ಚಾಟವಿಲ್ಲ. ಈ ಮನೆಗೆ ಬಂದ ಮೇಲೆ ನಾನು ಅಷ್ಟು ಖುಷಿ ಪಟ್ಟದ್ದು ಅದೊಂದೇ ದಿನ. ಅದೇ ಹುರುಪಿನಲ್ಲಿ ಸುಮಿತ್ರಾಬಾಯಿಯ ಕನ್ನಡಿಯನ್ನೂ ಕಿಟಕಿಯ ಕಡೆಗೆ ಸರಿಸಿದೆ.

ಅವರು ಬಂದು ನೋಡಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅಂಗಿಯ ತೋಳನ್ನೂ ಏರಿಸದೆ ನೀರಿಗೆ ಕೈ ಹಾಕಿ ಒಂದೊಂದೇ ಕಲ್ಲನ್ನು ಮೊದಲಿನ ಜಾಗಕ್ಕೆ ಇಟ್ಟರು. ಯಾವುದು ಎಲ್ಲಿ, ಯಾವುದರ ಮಗ್ಗುಲು ಎತ್ತ ಎಂದು ಅವರಿಗೆ ಎಲ್ಲ ನೆನಪಿತ್ತು. "ಆಕಿ ಹಿಂಗ ಇಟ್ಟಿದ್ಲು" ಎಂದರು, ಅಷ್ಟೇ. ಕನ್ನಡಿಯನ್ನು ಅತ್ತೆ ಸರಿಸಿದರು. ಬೆಳಗಾಗುವುದರೊಳಗೆ ಬೂದು ಮೀನಿಗೆ ಬಾಲವೂ ಇರಲಿಲ್ಲ, ರೆಕ್ಕೆಯೂ ಇರಲಿಲ್ಲ. ಇನ್ನೂ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ನನಗೆ ಅಳು ಬಂತು.

ಅಕ್ಕತಂಗಿಯರು ಹೊಂದಿಕೊಳ್ಳುತ್ತಾರೆ ಎಂದು ಅತ್ತೆ ನಿನಗೆ ಹೇಳಿಕಳಿಸಿದ್ದಾರಂತೆ. ಹೌದು, ಹೊಂದಿಕೊಳ್ಳುತ್ತೇವೆ. ಇಂದುವಿನ ಜೊತೆ ನಾನು ಯಾವತ್ತು ಜಗಳಾಡಿದ್ದೇನೆ, ಬೋರೆಹಣ್ಣಿಗಾಗಿ ಬಿಟ್ಟರೆ? ಇಬ್ಬರೂ ಮೇಲಿನ ಮೂಲೆಯಲ್ಲಿ ಕೂಡಿ ನಿಲ್ಲುತ್ತೇವೆ, ಅಷ್ಟೇ ಆಗುವುದು. ಈ ಮನೆಯಲ್ಲಿ ಒಂದು ಚಮಚದ ಜಾಗ ಬದಲಿಸಲೂ ಯಾರಿಗೂ ಮನಸ್ಸಿಲ್ಲ. ಬಂದವಳೇ ಬದಲಾಗಬೇಕು, ಇಲ್ಲವೇ ಹೋಗಬೇಕು.

ಭಂಡಾರಕವಠೆಯ ಕಲ್ಲಣ್ಣನ ಮನೆಯವರು ಇಂದುವನ್ನು ಕೇಳಿದ್ದರಲ್ಲ, ಅವರಿಗೆ ಹೂಂ ಅನ್ನು. ಮನೆ ಸಣ್ಣದು ಅಂದೆಯಂತೆ. ಇರಲಿ. ಕಲ್ಲಣ್ಣನಿಗೆ ಇದು ಮೊದಲ ಮದುವೆ. ಅವಳು ಒಲೆಯನ್ನು ಎಲ್ಲಿ ಬೇಕೋ ಅಲ್ಲಿ ಹೂಡಿಕೊಳ್ಳಬಹುದು.

ಈಗ ಅತ್ತೆ "ಇಷ್ಟೊತ್ತ ಏನ ಬರದಿ? ಓದಿ ಹೇಳು" ಎಂದರು. ಕಾಗದ ಎತ್ತಿ ಹಿಡಿದು, "ಇಂದೂನ್ನ ಲಗೂನ ಕಳಸು ಅವ್ವಾ, ಬರೂಮುಂದ ಹೊಸ ಜ್ವಾಳದ ಚೀಲಾನೂ ಕಳಸು" ಎಂದು ಗಂಭೀರವಾಗಿ ಓದಿದೆ. ಬಹಳ ಸಂತೋಷವಾಯಿತು ಅವರಿಗೆ. "ಬಿಳಿ ಜ್ವಾಳ ಅಂತ ಬರಿ" ಎಂದರು. ಬರೆದಿದ್ದೇನೆ. ಜೋಳವನ್ನು ಬೇಕಾದರೆ ಕಳಿಸು, ತಂಗಿಯನ್ನು ಮಾತ್ರ ಕಳಿಸಬೇಡ.

ನಿನ್ನ ಮಡಿಲಲ್ಲಿ ಒಂದು ಸಲ ಮಲಗಬೇಕು ಎನಿಸುವ,
ನಿನ್ನ ಹಿರಿಯ ಮಗಳು
ಸುಗಲಾ

ತಾ.ಕ.: ಇಂದೂ, ಇಲ್ಲಿಂದ ಮುಂದೆ ಬಾಯಿಬಿಟ್ಟು ಓದಬೇಡ. ಇಷ್ಟೇ ಇದೆ ಎಂದು ಅವ್ವನಿಗೆ ಹೇಳು, ಅವಳು ತಡೆದುಕೊಳ್ಳಲಾರಳು. ಕೆಮ್ಮು ಕಡಿಮೆಯಾಗಿಲ್ಲ. ಸೆರಗಿಗೆ ರಕ್ತ ಹತ್ತುತ್ತಿದೆ. ಹೋದ ವಾರ ಅತ್ತೆ ಚಿನ್ನದ ಕೆಲಸದ ಪತ್ತಾರ ಬಂಡೆಪ್ಪನನ್ನು ಕರೆಸಿ ನನ್ನನ್ನು ಬೆಳಕಿಗೆ ಕೂರಿಸಿದರು. ಹೊಸ ಮೂಗುತಿ ಮಾಡಿಸುತ್ತಾರೆ ಎಂದುಕೊಂಡು ಮುಖ ಎತ್ತಿ ಕೂತೆ. ನಿನ್ನೆ ತಂದುಕೊಟ್ಟ, ನಾನೇ ಅವನಿಗೆ ಬೆಲ್ಲ ನೀರು ಕೊಟ್ಟೆ. ಮೂಗುತಿಯಲ್ಲ, ಟಾಕು. ಅದರಲ್ಲಿ ಇಬ್ಬರು ಹೆಂಗಸರು ಪಕ್ಕಪಕ್ಕದಲ್ಲಿ ನಿಂತಿದ್ದಾರೆ. ವೈಶಾಖದಲ್ಲಿ ನಿನ್ನ ಕೊರಳಿಗೆ ಕಟ್ಟಲು ಮಾಡಿಸಿದ್ದು. ಅಷ್ಟರೊಳಗೆ ನಾನು ಇರುವುದಿಲ್ಲ ಎಂದು ಅವರು ನಂಬಿದ್ದಾರೆ. ನಿನ್ನ ಭಾವ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಸುಮಿತ್ರಾನ ಮೂಗ ಬರೋಬರಿ ಬಂದೈತಿ" ಎಂದರು. ಎರಡನೆಯವಳ ಮಾತೇ ಎತ್ತಲಿಲ್ಲ.

ಅವ್ವ ನನ್ನ ಮಾತು ಕೇಳದೆ ನಿನ್ನನ್ನು ಕೊಟ್ಟೇ ಬಿಟ್ಟರೆ, ಅದನ್ನು ಕಟ್ಟಲು ಬಂದಾಗ ಕೊರಳು ಬಗ್ಗಿಸಬೇಡ. ಎಲ್ಲರ ಮುಂದೆ ಬಂಡೆಪ್ಪನನ್ನು ಕರೆಸಿ ಒಂದೇ ಮಾತು ಕೇಳು: ಇದನ್ನು ತಂದುಕೊಟ್ಟ ದಿನ ನಿನಗೆ ಬೆಲ್ಲ ನೀರು ಕೊಟ್ಟವರು ಯಾರು ಎಂದು. ಆಗಿನ್ನೂ ಬದುಕಿದ್ದ ನನ್ನ ಹೆಸರನ್ನು ಅವನು ಹೇಳಿದ ಮೇಲೆ ಎದ್ದು ಹೊರಗೆ ನಡೆ.