ಭಾನುವಾರದವರೆಗೆ

ಏಪ್ರಿಲ್ 2, ಬುಧವಾರ
ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಹಾಕಿ, ಮಗುಚಿ, ಸಂಜೆ ಒಳಗೆ ತಂದೆ. ಸೊಂಟ ಬಿದ್ದುಹೋಗಿದೆ. ಹಬ್ಬಕ್ಕೆ ನಮ್ಮ ವಸತಿಯ ಕೋಣೆಗಳೆಲ್ಲ ಹೋದ ವರ್ಷವೇ ಬುಕ್ ಆಗಿವೆ. ಒಸಾಕಾದ ಮುರೊತಾನಿ ದಂಪತಿ ಮಹಡಿ ಕೋಣೆಯೇ ಬೇಕೆಂದು ಮತ್ತೆ ಫೋನ್ ಮಾಡಿದ್ದರು. ಹಿತ್ತಲಿನ ನೆರಳಲ್ಲಿ ಇನ್ನೂ ಹಿಮ ಉಳಿದಿದೆ. ಕೊಳಕು ಹಿಮ.

ಊಟ ಮುಗಿದದ್ದೇ ತಡ, ನನ್ನ ಗಂಡ ಶಿಗೆಕಿ ಬಂಡಿಮನೆಗೆ ಓಡಿದರು. ನಮ್ಮ ಬೀದಿಯ ಹಬ್ಬದ ಬಂಡಿ, ಅದರ ಮೇಲೆ ಕುಣಿಯುವ ಬೊಂಬೆ… ಬೊಂಬೆಯ ಹೆಜ್ಜೆದಾರ ಈ ವರ್ಷ ಇವರ ಕೈಗೆ ಬಂದಿದೆ. ಇಷ್ಟು ದಿನ ಮಾವನದಾಗಿತ್ತು. ಕೈ ನಡುಗುತ್ತದೆಂದು ಈಗ ಬಿಟ್ಟುಕೊಟ್ಟಿದ್ದಾರೆ. ಕತ್ತಿನ ದಾರ, ಬೀಸಣಿಗೆಯ ದಾರ ಬೇರೆಯವರ ಬಳಿ ಇವೆ. ನಡೆಸುವ ದಾರ ಇದೊಂದೇ.

ಮಾವನಿಗೆ ಕೆಮ್ಮು. ಕೆಮ್ಮುತ್ತಲೇ ಲೇವಡಿ.
"ಶಿಗೆಕಿ ಎಳೆದ್ರೆ ಆ ಬೊಂಬೆ ಹುಡುಗಿ ನಡೆಯಲ್ಲ ಕಣಮ್ಮ, ಕುಡಿದೋರ ಥರ ತೂರಾಡ್ತಾಳೆ."
"ಅದು ನಿಮ್ಮನೆ ಚಾಳಿ ತಾನೇ ಮಾವ," ಅಂದೆ.
ನಕ್ಕು ಇನ್ನಷ್ಟು ಕೆಮ್ಮಿದರು. ಉಪ್ಪಿನಕಾಯಿ ಮುಟ್ಟಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲ.

ಏಪ್ರಿಲ್ 5, ಶನಿವಾರ
ಮಾವನಿಗೆ ಜ್ವರ ಏರಿತು. ಕಣಿವೆಯ ಆಸ್ಪತ್ರೆಗೆ ಸೇರಿಸಿದೆವು. ನ್ಯುಮೋನಿಯಾ. ಹೃದಯ ಮಾತ್ರ ಗಟ್ಟಿ ಇದೆಯಂತೆ.

ಡಾಕ್ಟರ್ ಕಾಸುಯಾ, ನನ್ನ ಮಗಳ ವಯಸ್ಸಿನ ಹೆಣ್ಣು. ಅವಳ ಎದುರಿಗೇ ಮಾವ ಹೇಳಿದರು: "ನೋಡಮ್ಮ, ಗಂಟಲಿಗೆ ಕೊಳವೆಗಿಳವೆ ಏನೂ ಬೇಡ. ನನ್ನ ಹೆಂಡ್ತೀನ ಹಾಗೇ ಮಲಗ್ಸಿದ್ರು. ಚಳಿಗಾಲ ಪೂರ್ತಿ ನೋಡಿದ್ದೀನಿ. ನನಗೆ ಅದು ಬೇಡ." ಆಮೇಲೆ ನಮ್ಮ ಕಡೆ ತಿರುಗಿ, "ಕೇಳಿಸ್ತಾ ಇಬ್ಬರಿಗೂ?"
ಕೇಳಿಸಿತು ಅಂದೆವು. ಇಬ್ಬರೂ.

ಏಪ್ರಿಲ್ 9, ಬುಧವಾರ
ಬಂಡಿಯ ಯಜಮಾನ ಉಶಿಮಾರು ಸ್ಟ್ರಾಬೆರಿ ಹಿಡಿದು ಆಸ್ಪತ್ರೆಗೆ ಬಂದರು. ಹೇಗಿದ್ದಾರೆ ಅಂತ ನನ್ನನ್ನು ಕೇಳಿದರು, ನರ್ಸನ್ನೂ ಕೇಳಿದರು, ಬಾಗಿಲಾಚೆ ಹೋಗಿ ನನ್ನನ್ನು ಮತ್ತೆ ಕೇಳಿದರು. ಕೇಳುತ್ತಿದ್ದದ್ದು ಬೇರೆಯೇ. ಬಾಯಿ ಬಿಟ್ಟು ಹೇಳುವವರಲ್ಲ.

ಮನೆಯಲ್ಲಿ ಸಾವಾದರೆ ಸೂತಕ. ಸೂತಕದವರು ಗುಡಿಯ ಮುಂದಿನ ಕಮಾನು ದಾಟುವಂತಿಲ್ಲ, ಬಂಡಿ ಮುಟ್ಟುವಂತಿಲ್ಲ. ಹೆಜ್ಜೆದಾರ ಕಲಿತವರು ಇಬ್ಬರೇ. ಒಬ್ಬರು ಮಂಚದ ಮೇಲೆ, ಇನ್ನೊಬ್ಬರು ಅವರ ಮಗ. ಹಬ್ಬ ಇರುವುದು ಹತ್ತೊಂಬತ್ತು, ಇಪ್ಪತ್ತಕ್ಕೆ.

ಮಾವನಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ. "ಉಶಿಮಾರು, ಮುಖ ಯಾಕೋ ಹಾಗೆ? ಹಬ್ಬ ಮುಗಿಸ್ಕೊಂಡೇ ಹೋಗ್ತೀನಿ ಬಿಡೋ. ಆ ಹಣ್ಣು ಇತ್ಲಾಗ್ ಕೊಡು."
ಒಂದೇ ತಿಂದರು. ಉಳಿದದ್ದನ್ನು ಉಶಿಮಾರು ತಿಂದರು, ಅಳು ನುಂಗಿದ ಹಾಗೆ.

ಏಪ್ರಿಲ್ 13, ಭಾನುವಾರ
ಬಂಡಿಮನೆಗೆ ಬುತ್ತಿ ಕೊಡಲು ಹೋಗಿದ್ದೆ. ಇವರು ನನ್ನನ್ನು ನೋಡಲಿಲ್ಲ. ಬೊಂಬೆ ತೊಲೆಯ ಮೇಲೆ ಹೆಜ್ಜೆ ಹಾಕಿತು. ಒಂದು ಕಾಲು, ನಿಂತು, ಇನ್ನೊಂದು ಕಾಲು. ನಿಂತದ್ದರಲ್ಲೇ ನಾಚಿಕೆ ಇತ್ತು. ಕೆಳಗೆ ಇವರು ಬೆವರುತ್ತಾ ತುಟಿ ಕಚ್ಚಿಕೊಂಡು ಎಳೆಯುತ್ತಿದ್ದರು. ಐವತ್ತೇಳು ವಯಸ್ಸು. ಮದುವೆಯಾದಾಗಲೂ ಆ ಮುಖದಲ್ಲಿ ಇಷ್ಟು ಸಂತೋಷ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು.

ಏಪ್ರಿಲ್ 16, ಬುಧವಾರ
ಆಸ್ಪತ್ರೆಯಿಂದ ಫೋನ್. ಇಬ್ಬರೂ ಹೋದೆವು. ಮಾವನ ಉಸಿರು ಗೊರಗೊರ ಎನ್ನುತ್ತಿತ್ತು. ಅರ್ಧ ಎಚ್ಚರ.

ಡಾಕ್ಟರ್ ಹೊರಗೆ ಕರೆದು ಹೇಳಿದಳು. "ಹೀಗೇ ಬಿಟ್ರೆ ನಾಳೆ, ಹೆಚ್ಚೂ ಅಂದ್ರೆ ನಾಡಿದ್ದು. ಅವರು ಉಸಿರಿನ ಕೊಳವೆ, ಯಂತ್ರ ಬೇಡ ಅಂದಿದ್ರು. ಈಗ ನೀವೇನ್ ಹೇಳ್ತೀರಿ?"

ಇವರು ಗೋಡೆ ನೋಡುತ್ತಾ ನಿಂತರು. ಗೋಡೆಯ ಮೇಲೆ ಹಬ್ಬದ ಪೋಸ್ಟರ್, ನಮ್ಮದೇ ಬಂಡಿ. ಬೇಡ ಅನ್ನಲು ಬಾಯಿ ಬರಲಿಲ್ಲ, ಬೇಕು ಅನ್ನಲೂ ಬರಲಿಲ್ಲ. ಆ ಮುಖ ನೋಡಲಾಗಲಿಲ್ಲ ನನಗೆ.
"ಭಾನುವಾರದವರೆಗೆ ಮಾತ್ರ," ಅಂದೆ. ನಾನೇ ಅಂದೆ.
"ಹಾಕೋದು ಸುಲಭ," ಅಂದಳು ಡಾಕ್ಟರ್. "ತೆಗೆಯೋದು ಹಾಗಲ್ಲ. ಅರ್ಥ ಆಯ್ತಾ?"
ಆಯಿತು ಅಂದೆ. ಏನು ಅರ್ಥವಾಗಿತ್ತೋ ನನ್ನ ತಲೆ.

ಮಂಚ ತಳ್ಳಿಕೊಂಡು ಯಂತ್ರದ ಕೋಣೆಗೆ ಒಯ್ಯುವಾಗ ಮಾವ ನನ್ನ ತೋಳು ಹಿಡಿದಿದ್ದರು. ನರ್ಸ್ ಬೆರಳುಗಳನ್ನು ಮೆಲ್ಲಗೆ ಬಿಡಿಸಿದಳು.

ಏಪ್ರಿಲ್ 18, ಶುಕ್ರವಾರ
ಗೆಸ್ಟ್‌ಗಳು ಬಂದರು. ಮುರೊತಾನಿ ಅಮ್ಮ ಹೊಸ ಬೂಟು ಹಾಕಿಕೊಂಡು ಬಂದಿದ್ದಾರೆ, ಬೆಟ್ಟ ಹತ್ತುವವರ ಹಾಗೆ. ಅವರ ಗಂಡ ರೇಗಿಸಿದರು: "ಇವಳು ಹತ್ತೋದು ಮಹಡಿ ಮೆಟ್ಟಿಲು ಒಂದೇ." ಎಲ್ಲ ನಕ್ಕರು. ನಾನೂ ನಕ್ಕೆ. ಮಾವ ಎಲ್ಲಿ ಅಂತ ಕೇಳಿದರು. ಸ್ವಲ್ಪ ಹುಷಾರಿಲ್ಲ ಅಂದೆ.

ಸಂಜೆ ಟೀವಿಯಲ್ಲಿ ಹವಾಮಾನ ವರದಿ ಬದಲಾಯಿತು. ಎರಡು ದಿನಕ್ಕೂ ಕೊಡೆಯ ಗುರುತು.

ಏಪ್ರಿಲ್ 19, ಶನಿವಾರ
ಮಳೆ. ಅರಗು ಬಳಿದ ಬಂಡಿ, ಚಿನ್ನದ ರೇಕು, ರೇಷ್ಮೆ ಬೊಂಬೆ… ಒಂದು ಹನಿ ಬಿದ್ದರೂ ಹೊರಗೆ ತರುವುದಿಲ್ಲ. ಬಂಡಿಮನೆಯ ಬಾಗಿಲು ಅರ್ಧ ತೆಗೆದಿಟ್ಟಿದ್ದಾರೆ. ಊರೂರಿಂದ ಬಂದವರು ಕೊಡೆ ಹಿಡಿದು ಕತ್ತಲ ಒಳಗಿನ ಚಕ್ರದ ಫೋಟೋ ತೆಗೆಯುತ್ತಿದ್ದಾರೆ.

ಗೆಸ್ಟ್‌ಗಳನ್ನು ಬೆಳಗಿನ ಸಂತೆಗೆ ಕರೆದೊಯ್ದೆ. ಅಕ್ಕಿಮದ್ಯದ ಸಾಕೆ ಅಂಗಡಿಗಳಿಗೂ. ಕೆಂಡದಲ್ಲಿ ಸುಟ್ಟ ಮೊಚಿ ಅಕ್ಕಿಕಡುಬು ತಿಂದರು. ಮುರೊತಾನಿ ಅಮ್ಮ, "ನಾಳೆ ಮಳೆ ಬಿಡುವು ಕೊಡತ್ತೆ ಬಿಡಿ," ಅಂದರು. ನನ್ನನ್ನೇ ಸಮಾಧಾನ ಮಾಡುತ್ತಿದ್ದರು. ಅಷ್ಟು ಕಾಣುತ್ತಿತ್ತೇನೋ.

ಏಪ್ರಿಲ್ 20, ಭಾನುವಾರ
ಮಳೆ. ಉಶಿಮಾರು ಬೀದಿ ನಡುವೆ ಅಂಗೈ ಚಾಚಿ ನಿಂತಿದ್ದರು, ಬಹಳ ಹೊತ್ತು. ಆಮೇಲೆ ಬಂಡಿಮನೆಯ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಅಷ್ಟೇ ಹಬ್ಬ.

ಇವರು ಬೊಂಬೆಗೆ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿ ಮಲಗಿಸಿ ಬಂದರು. ಮನೆಗೆ ಬಂದು ಕೈ ತೊಳೆದರು. ಮತ್ತೆ ತೊಳೆದರು.

ಏಪ್ರಿಲ್ 21, ಸೋಮವಾರ
ಎಂಥ ಬಿಸಿಲು ಇವತ್ತು. ಹಿಮದ ಶಿಖರಗಳು ಒಂದೂ ಬಿಡದೆ ಕಾಣುತ್ತಿದ್ದವು. ಗೆಸ್ಟ್‌ಗಳು ಬಾಗಿಲಲ್ಲೇ ನಿಂತು ಫೋಟೋ ತೆಗೆದು ಹೊರಟರು.

ಆಸ್ಪತ್ರೆಗೆ ಹೋದೆವು. ಮಾವನಿಗೆ ಎಚ್ಚರ. ಪೂರ್ತಿ ಎಚ್ಚರ. ಬಾಯಲ್ಲಿ ಕೊಳವೆ.
ಇವರು ಹತ್ತಿರ ಬಾಗಿ, "ಅಪ್ಪ, ಬೊಂಬೆ ಚೆನ್ನಾಗಿ ನಡೀತು," ಅಂದರು.
ಮಾವನ ಮಂಚ ಕಿಟಕಿ ಪಕ್ಕದಲ್ಲೇ ಇದೆ. ಎರಡು ದಿನ ಮಳೆ ನೋಡಿದ್ದಾರೆ. ಮಗನನ್ನು ನೋಡಿದರು, ಆಮೇಲೆ ನನ್ನನ್ನು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

ಡಾಕ್ಟರನ್ನು ಹುಡುಕಿಕೊಂಡು ಹೋದೆವು. ಈಗ ತೆಗೆಯಿರಿ ಅಂದೆ.
"ತೆಗೆದ್ರೆ ಅವರು ಹೋಗ್ತಾರೆ ಅಮ್ಮ. ಎಚ್ಚರ ಇರೋ ಮನುಷ್ಯ. ತೆಗೆದ ಕೈ ನಂದಾಗತ್ತೆ. ಇಲ್ಲಿ ಯಾರೂ ತೆಗೆಯಲ್ಲ."
ಇವರು ಸೊಂಟ ಬಾಗಿಸಿ ಬೇಡಿದರು. ನಾನೂ ಬಾಗಿದೆ. ಅವಳೂ ನಮಗೆ ಬಾಗಿದಳು. ಮೂವರೂ ಹಾಗೇ ಇದ್ದೆವು, ನೆಲ ನೋಡುತ್ತಾ.

ಮೇ 11, ಭಾನುವಾರ
ಬರೆಯಲು ಏನೂ ಇರಲಿಲ್ಲ. ಗದ್ದೆಗಳಿಗೆ ನೀರು ಬಿಟ್ಟಿದ್ದಾರೆ. ಈಗ ಮಾವನ ಕತ್ತಿನಲ್ಲಿ ತೂತು, ಕೊಳವೆ ಅಲ್ಲಿಗೆ ಹೋಗಿದೆ. ನಾನು ಹೋದರೆ ಕಣ್ಣು ಮುಚ್ಚುತ್ತಾರೆ. ಇವರು ಹೋದರೆ ಮುಚ್ಚುವುದಿಲ್ಲ. ಯಾರು ಹೇಳಿದ್ದು ಅಂತ ಅವರಿಗೆ ಗೊತ್ತು ಅನ್ನಿಸುತ್ತದೆ. ಬಾಗಿಲಾಚೆಯ ಮಾತು ಕೇಳಿಸಿರಬೇಕು.

ಉಶಿಮಾರು ಆಸ್ಪತ್ರೆ ಕಡೆ ಬರುವುದಿಲ್ಲ. ಸೊಪ್ಪು ತಂದು ನಮ್ಮ ಬಾಗಿಲಲ್ಲಿಟ್ಟು ಹೋಗುತ್ತಾರೆ. ನಿಮ್ಮಿಂದಲೇ ಆದದ್ದು ಅಂತ ಕೂಗಬೇಕು ಅನ್ನಿಸುತ್ತದೆ. ಅವರಿಂದಲ್ಲ.

ಮುರೊತಾನಿ ಅಮ್ಮನ ಫೋನ್: "ಮುಂದಿನ ವರ್ಷಕ್ಕೂ ಅದೇ ಕೋಣೆ ಇಟ್ಟಿರಿ. ಮಳೆಗೆ ಸೋಲೋದಿಲ್ಲ ನಾವು." ಬರೆದುಕೊಂಡೆ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಏನಾಗಿರಬೇಕೆಂದು ಬೇಡಿಕೊಳ್ಳಲಿ? ಮಾವ ಇರಲಿ ಅಂದರೂ, ಹೋಗಲಿ ಅಂದರೂ, ಎರಡೂ ಪಾಪವೇ. ಇವರು ಇವತ್ತು ಬಂಡಿಮನೆಯ ಬೀಗದಕೈ ಹಿಂದಿರುಗಿಸಿ ಬಂದರು.

ಜೂನ್ 7, ಶನಿವಾರ
ನರ್ಸ್ ಒಂದು ಅಕ್ಷರದ ಹಲಗೆ ತಂದಿದ್ದಾಳೆ. ಅವಳು ಬೆರಳು ಸರಿಸುತ್ತಾ ಹೋಗುವುದು, ಬೇಕಾದ ಅಕ್ಷರ ಬಂದಾಗ ಮಾವ ರೆಪ್ಪೆ ಬಡಿಯುವುದು. "ತಾತಾ, ಸೊಸೆ ಬಂದಿದಾರೆ, ಏನಾದ್ರೂ ಬೈಯೋದಿದ್ರೆ ಇವತ್ತೇ ಬೈದುಬಿಡಿ," ಅಂದಳು. ಒಳ್ಳೆಯ ಹುಡುಗಿ.

ಮಾವ ಕಣ್ಣು ತೆರೆದಿದ್ದರು. ನಾನಿದ್ದರೂ ಮುಚ್ಚಲಿಲ್ಲ. ಬೆರಳು ಸರಿಯಿತು. ರೆಪ್ಪೆ. ಮತ್ತೆ ಸರಿಯಿತು. ರೆಪ್ಪೆ.
ನರ್ಸ್ ಕೂಡಿಸಿ ಓದಿದಳು. "ಯಾವಾಗ."
ಅವಳ ನಗು ನಿಂತಿತು. ಹಲಗೆಯನ್ನು ನನ್ನ ಮಡಿಲಿಗಿಟ್ಟು, ಪಕ್ಕದ ಕೋಣೆ ನೋಡಿ ಬರುತ್ತೇನೆಂದು ಹೋದಳು.

ಕೊಳವೆ ತೆಗೆಯುವ ದಿನ ಕೇಳಿ ಮಾವ ಕಾಯುತ್ತಿದ್ದರು. ಯಂತ್ರ ಉಸಿರು ತುಂಬುತ್ತಿತ್ತು, ಬಿಡುತ್ತಿತ್ತು. ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ. ಮಾವ, ಅಂದೆ. ಮಾವ…