ಪಾಚಿಗೆ ಕಾರಣ

೧೮–೪–೫೬, ಬೆಳಿಗ್ಗೆ

ಮತ್ತೆ ಹಸಿರು. ನಿನ್ನೆ ತಾನೇ ಮೀನಿನ ಟ್ಯಾಂಕಿನ ಅರ್ಧ ನೀರು ತೆಗೆದು ಬಾವಿನೀರು ತುಂಬಿದ್ದೆ. ತೆಂಗಿನ ನಾರು ಹಿಡಿದು ನಾಲ್ಕೂ ಗಾಜು ಉಜ್ಜಿದ್ದೆ. ವೇಸ್ಟ್. ಬೆರಳಿಟ್ಟರೆ ಜಾರುತ್ತದೆ. ಗಿಡಗಳ ಎಲೆಗೆಲ್ಲ ನೂಲಿನಂಥ ಪಾಚಿ. ಎಂಟು ಮೀನೂ ಮೇಲೆ ಬಂದು ಬಾಯಿ ಬಿಡುತ್ತಿವೆ.

ಜೂನ್ ಮೂರಕ್ಕೆ ಕಾಲೇಜಿನ ಜುವಾಲಜಿ ಮರಿಯಯ್ಯ ಸರ್ ಹೊಳೆನರಸೀಪುರಕ್ಕೆ ಹೋಗುವವರು ಇಲ್ಲಿ ಭೇರ್ಯದಲ್ಲಿ ಇಳಿದು ನೋಡುತ್ತಾರೆ. ಕಪ್ಪೆ ಕೊಯ್ಯುವ ಪ್ರಾಕ್ಟಿಕಲ್‌ನಲ್ಲಿ ತಲೆಸುತ್ತಿ ಬಿದ್ದವನು ಜೂನಿಯರ್ ಇಂಟರ್‌ಗೆಲ್ಲ ನಾನೊಬ್ಬನೇ. ಹಾಸ್ಟೆಲಿನಲ್ಲಿ ಇನ್ನೂ ಅಣಕಿಸುತ್ತಾರೆ. ಆರ್ಟ್ಸಿಗೆ ಹೋಗು ಅಂತ ಎಲ್ಲರೂ ಹೇಳುವಾಗ ಸರ್ ಮಾತ್ರ ಈ ಗಾಜಿನ ಟ್ಯಾಂಕ್ ಕೊಟ್ಟರು. ರಜೆ ಪೂರ್ತಿ ಇಟ್ಟುಕೊಂಡು ಜೀವ ಉಳಿಸಿ ತೋರಿಸು, ಕೊಯ್ಯುವುದು ಆಮೇಲೆ, ಅಂದರು. ಷರತ್ತು ಎರಡು. ನೀರಿಗೆ ಯಾವ ಔಷಧಿಯೂ ಬೀಳಕೂಡದು. ನಡೆದದ್ದನ್ನು ನಡೆದ ಹಾಗೆ ಅಬ್ಸರ್ವೇಷನ್ ಬುಕ್ಕಿನಲ್ಲಿ ಬರೆಯಬೇಕು. ಸರಿಹೋದರೆ ಸೈನ್ಸ್. ಇಲ್ಲವಾದರೆ…

೨೬–೪

ಕಿಟಕಿಗೆ ಗೋಣಿಚೀಲ ಕಟ್ಟಿದೆ. ಬಿಸಿಲು ಕಮ್ಮಿಯಾಯಿತು. ಪಾಚಿ ಕಮ್ಮಿಯಾಗಲಿಲ್ಲ. ಮೀನಿಗೆ ಹಾಕುವ ಕಾಳೂ ಅರ್ಧ ಮಾಡಿದೆ. ಬುಕ್ಕಿನಲ್ಲಿ ದಿನಾ ಅದೇ ಸಾಲು — ನೋ ಚೇಂಜ್. ಕೈಗೆಲ್ಲ ಪಾಚಿ ವಾಸನೆ. ಊಟ ಸೇರುವುದಿಲ್ಲ.

ಪಕ್ಕದ ಮನೆಯ ನಿಂಗಯ್ಯ ಬಂದು ಬಗ್ಗಿ ನೋಡಿದ. ಲಿಂಗವಂತರ ನಡುಮನೆಯಲ್ಲಿ ಮೀನು ಅಂತ ಅವನಿಗೆ ಮೊದಲ ದಿನದಿಂದ ತಮಾಷೆ.

“ನಮ್ಮನೇಲಾಗಿದ್ರೆ ಇಷ್ಟೊತ್ಗೆ ಸಾರಾಗೋಗಿರೋವು ಕಣಪ್ಪ. ನಿಮ್ಮನೇಲಿ ನೋಡು, ಡಾಕ್ಟ್ರು ಬೇರೆ.”

ಹಸುವಿನ ಗೊರಸಿನ ಹುಣ್ಣಿಗೆ ತಂದ ಮೈಲುತುತ್ತ ಅವನ ಮನೆಯಲ್ಲಿದೆಯಂತೆ. ಒಂದು ಹರಳು ಬಿದ್ದರೆ ಪಾಚಿ ಸುಟ್ಟು ಹೋಗುತ್ತದೆ ಎಂದ. ಬೇಡ ಅಂದೆ. ಅವನು ಹೋದಮೇಲೂ ಅದನ್ನೇ ಯೋಚಿಸುತ್ತಿದ್ದೇನೆ.

೩–೫, ಬೆಳಿಗ್ಗೆ ಏಳು

ನಾಲ್ಕು ಸತ್ತಿವೆ. ಹೊಟ್ಟೆ ಮೇಲಾಗಿ.

ನಿನ್ನೆ ಸಂಜೆ ನಿಂಗಯ್ಯನ ಮೈಲುತುತ್ತ ತಂದು ಹಾಕಿದೆ. ಕಡಲೆಕಾಳಿನಷ್ಟು, ಅಷ್ಟೇ. ನೋಡಿದ ಕೂಡಲೇ ನೀರೆಲ್ಲ ಸುರಿದು ಹೊಸ ನೀರು ತುಂಬಿದೆ. ಉಳಿದ ನಾಲ್ಕು ಆಡುತ್ತಿವೆ. ಸತ್ತವನ್ನು ಹಿತ್ತಲಲ್ಲಿ ಹೂತೆ. ಅವ್ವ ಕೇಳಿದಾಗ ಪಾಚಿಯಿಂದ ಅಂದೆ. ಬುಕ್ಕಿನಲ್ಲೂ ಹಾಗೇ ಬರೆದೆ. ಇಂಗ್ಲಿಷಿನಲ್ಲಿ ಬರೆದರೆ ಸುಳ್ಳು ಅನ್ನಿಸುವುದಿಲ್ಲ.

೧೯–೫

ಬರೆಯುವುದಕ್ಕೆ ಏನೂ ಇರಲಿಲ್ಲ ಇಷ್ಟು ದಿನ. ಪಾಚಿ ಹೋಯಿತು, ವಾರಕ್ಕೆ ಮೊದಲೇ ವಾಪಸು ಬಂತು. ಉಜ್ಜಿದೆ. ಮತ್ತೆ ಬಂತು.

ಇವತ್ತು ಎಂದಿಗಿಂತ ಬೇಗ ಎದ್ದೆ. ಅಜ್ಜಿ ಲಿಂಗಪೂಜೆ ಮುಗಿಸಿ, ಗೋಡೆ ಹಿಡಿದುಕೊಂಡು ಬಂದಳು. ಬಟ್ಟಲಿನ ಪೂಜೆಯ ನೀರನ್ನು — ಹಾಲು, ವಿಭೂತಿ ಎಲ್ಲ ಕೂಡಿದ್ದನ್ನು — ನಿಧಾನವಾಗಿ ಟ್ಯಾಂಕಿಗೆ ಹೊಯ್ದಳು. ಕೈಮುಗಿದಳು.

ಕಾಲು ತುಳಿಯುವ ಕಡೆ ಆ ನೀರು ಚೆಲ್ಲುವ ಹಾಗಿಲ್ಲ. ಮೊದಲು ಹಿತ್ತಲ ಬಿಲ್ವದ ಬುಡಕ್ಕೆ ಹಾಕುತ್ತಿದ್ದಳು. ಈಗ ಮಂಡಿನೋವು, ಮೆಟ್ಟಿಲು ಇಳಿಯಲಾಗುವುದಿಲ್ಲ. ನಡುಮನೆಯಲ್ಲೇ ಗಿಡವಿರುವ ನೀರು ಸಿಕ್ಕಿದೆ. ನಾನು ಬಂದ ದಿನದಿಂದ ಹೊಯ್ಯುತ್ತಿದ್ದಾಳಂತೆ. ಹಾಲು, ಬೂದಿ. ಹೊಲಕ್ಕೆ ಗೊಬ್ಬರ ಹಾಕಿದ ಹಾಗೆ.

ಹೇಗೆ ಹೇಳುವುದು? ಲಿಂಗದ ನೀರಿನಿಂದ ಕೇಡಾಯಿತು ಅಂತ ಎಂಬತ್ತು ವರ್ಷದವಳಿಗೆ?

ಹೇಳಲಿಲ್ಲ. ಸೆಖೆ ಅಂತ ನೆಪ ಮಾಡಿ ಟ್ಯಾಂಕನ್ನು ಜಗಲಿಯ ಕೋಣೆಗೆ ಸಾಗಿಸಿದೆ. ಹಿತ್ತಲಿಗೆ ಬಟ್ಟಲು ಒಯ್ಯುವ ಕೆಲಸ ನಾನೇ ಮಾಡುತ್ತೇನೆ ಅಂದೆ. ಅಜ್ಜಿ ನನ್ನ ಮುಖ ನೋಡಿದಳು. ಸರಿ ಅಂದಳು.

೩೦–೫

ಬೆಳಕು ಬೀಳದಂತೆ ಟ್ಯಾಂಕಿಗೆ ಮೂರು ದಿನ ಕಂಬಳಿ ಹೊದಿಸಿದ್ದೆ. ಆಮೇಲೆ ದಿನಾ ಒಂದೊಂದು ಕೊಡ ನೀರು ಬದಲು. ತಿಳಿಯಾಗಿದೆ. ತಳದ ಮರಳು ಕಾಣುತ್ತದೆ. ಗಿಡ ಚಿಗುರಿದೆ. ಸಂತೋಷ ಆಗಬೇಕಿತ್ತು. ಸುಸ್ತಾಗಿದೆ.

ಬುಕ್ಕಿನಲ್ಲಿ ‘ಕಾರಣ’ ಅನ್ನುವ ಜಾಗ ಖಾಲಿ ಬಿಟ್ಟಿದ್ದೇನೆ.

ಅಜ್ಜಿ ದಿನಕ್ಕೊಂದು ಸಲ ಬಂದು ಟ್ಯಾಂಕ್ ನೋಡುತ್ತಾಳೆ. ಈಚೆಗೆ ಒಂದೇ ಹೊತ್ತು ಊಟ ಮಾಡುತ್ತಾಳಂತೆ. ಯಾಕೆ ಅಂತ ಅವ್ವನಿಗೂ ಗೊತ್ತಿಲ್ಲ.

೩–೬, ಸಂಜೆ

ಸರ್ ಬಂದರು. ಕೊಡೆ ಮೂಲೆಗಿಟ್ಟು ನೇರ ಟ್ಯಾಂಕಿನ ಹತ್ತಿರ. ನೀರು ನೋಡಿ ತಲೆದೂಗಿದರು. ಮೀನು ಎಣಿಸಿದರು. ಬುಕ್ ತಿರುವಿದರು. ಪಾಚಿ ಎಲ್ಲಿಂದ ಬಂತು ಅಂತ ಕೇಳಿದರು. ಗೊತ್ತಾಗಲಿಲ್ಲ ಸರ್, ಅಂದೆ. ಗೊತ್ತಾಗದವನು ಜಾಗ ಯಾಕೆ ಬದಲಾಯಿಸಿದೆ ಅಂದರು.

ಮಜ್ಜಿಗೆ ತಂದ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು.

“ನಾನು ಉಯ್ತಿದ್ದೆ ಕಣ್ರಪ್ಪ, ಪೂಜೆ ನೀರ್ನ. ಇವ ಇಲ್ಲಿಗೆ ತಂದ್ಮೇಲೆ ತಿಳಿಯಾಯ್ತು. ನಂಗೇನು ಕಣ್ಣಿಲ್ವಾ?”

ಸರ್ ನಗಲಿಲ್ಲ. ಎಷ್ಟು ಹಾಲು, ದಿನಕ್ಕೆಷ್ಟು ವಿಭೂತಿ ಅಂತ ಕೇಳಿ ಕೇಳಿ ಬರೆದುಕೊಂಡರು. ಒಳ್ಳೆಯ ಅಬ್ಸರ್ವೇಷನ್, ಇದನ್ನು ಬರೆಯದೆ ಬಿಟ್ಟದ್ದೇ ನಿನ್ನ ತಪ್ಪು, ಆದರೂ ಸೈನ್ಸಿಗೆ ಬಾ, ಅಂದರು. ಎದೆ ಹಗುರಾಯಿತು. ಒಂದು ನಿಮಿಷ.

ಅಜ್ಜಿ ನನ್ನ ಕಡೆ ತಿರುಗಿದಳು. ಕೈ ಎದೆಯ ಮೇಲಿನ ಲಿಂಗದ ಕರಡಿಗೆಯ ಮೇಲಿತ್ತು.

“ಆ ನಾಕು ಮೀನು ಸತ್ತದ್ದೂ ಅದ್ರಿಂದ್ಲೇನಾ ಮಗ?”

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಬುಕ್ಕಿನಲ್ಲೂ ಪಾಚಿಯಿಂದ ಅಂತಲೇ ಇದೆ. ಸರ್ ಪೆನ್ನು ಹಿಡಿದೇ ಇದ್ದರು.

“ಅಲ್ಲಜ್ಜಿ. ನಾನು ಮೈಲುತುತ್ತ ಹಾಕ್ದೆ.”

ಅಜ್ಜಿ ಮೆಲ್ಲಗೆ ಕೂತುಕೊಂಡಳು. ಸರ್ ಪೆನ್ನಿಗೆ ಕ್ಯಾಪ್ ಹಾಕಿದರು.

ಸರ್ ಜೊತೆ ಬಸ್ಸಿನವರೆಗೂ ಹೋದೆ. ಹತ್ತುವಾಗ ಬುಕ್ಕನ್ನು ನನ್ನ ಕೈಗೇ ಕೊಟ್ಟರು. ಮೇ ಮೂರರ ಪುಟ ಮತ್ತೆ ಬರೆ, ಕಾಲೇಜು ತೆರೆದ ದಿನ ತಂದು ತೋರಿಸು, ಅಂದರು. ಸೈನ್ಸಿಗೋ ಆರ್ಟ್ಸಿಗೋ ಅಂತ ಕೇಳಲಿಲ್ಲ.

ಮನೆಗೆ ಬಂದರೆ ಅಜ್ಜಿ ಎರಡನೇ ಹೊತ್ತಿನ ಊಟಕ್ಕೆ ತಟ್ಟೆ ಮುಂದೆ ಕೂತಿದ್ದಳು. ಇನ್ನೊಂದು ಸೌಟು ಸಾರು ಕೇಳಿದಳು.

ಬುಕ್ ತೆರೆದಿದ್ದೇನೆ. ಹಳೆಯ ಪುಟ ಹರಿಯಲಿಲ್ಲ, ಗೀಟು ಎಳೆದೆ. ಇಂಗ್ಲಿಷಿನಲ್ಲಿ ಬೇಡ.

ಮೇ ೩. ಬೆಳಿಗ್ಗೆ ಏಳು ಗಂಟೆ. ನಾಲ್ಕು ಮೀನು ಸತ್ತಿವೆ. ಕಾರಣ: ನಾನು —